ಬಾಡಿಗೆಯವನಿದ್ದ ಮನೆ

"ಮುಟ್ಟಬೇಡಿ, ಕುಸಿದು ಬಿದ್ದೀತು!" ಎಂದು ಬಾಡಿಗೆಯವನು ಕೂಗಿಕೊಂಡ. ಅಷ್ಟರಲ್ಲಿ ನರ್ಸಮ್ಮ ಗೋಡೆಯ ಒದ್ದೆ ಕಲೆಯ ಮೇಲೆ, ಜ್ವರ ನೋಡುವ ಹಾಗೆ, ಅಂಗೈ ಇಟ್ಟಾಗಿತ್ತು.

ಮನೆಯೊಂದನ್ನು ಕೊಂಡು ಬಾಡಿಗೆಗೆ ಬಿಡಬೇಕೆಂಬ ಹುಚ್ಚು ಅವಳಿಗೆ ಹತ್ತಿದ್ದು ಈ ವರ್ಷ. ಆಸ್ಪತ್ರೆಯ ಕೆಲಸದಿಂದ ನಿವೃತ್ತಳಾದಾಗ ಕೈಗೆ ಬಂದ ಗಂಟು ಬ್ಯಾಂಕಿನಲ್ಲಿ ಗೊರಕೆ ಹೊಡೆಯುತ್ತಿತ್ತು. ಅದು ಹೋದರೆ ಅವಳಿಗೆ ಬೇರೆ ಗತಿಯಿಲ್ಲ. ದಲ್ಲಾಳಿ ಕೆಲಸ ಮಾಡುವ ತಮ್ಮ ಮನೆಗಳನ್ನು ತೋರಿಸುತ್ತಿದ್ದ. ಅವಳೋ ಹೋದಲ್ಲೆಲ್ಲ ನಲ್ಲಿ ತಿರುಗಿಸಿ, ಕಿಟಕಿ ತೆಗೆದು ಮುಚ್ಚಿ, ಕಪಾಟಿನೊಳಗೆ ಮೂಗು ತೂರಿಸಿ ಅವನ ಪ್ರಾಣ ತಿನ್ನುತ್ತಿದ್ದಳು.

"ಅಕ್ಕ, ಮನೆ ನೋಡು ಅಂದ್ರೆ ಪೋಸ್ಟ್‌ಮಾರ್ಟಂ ಮಾಡ್ತೀಯಲ್ಲ!"

"ಸುಮ್ನಿರೋ. ದುಡ್ಡು ನಿಂದಾ?"

ಈ ಮನೆಯ ಬಾಡಿಗೆಯವನು ಗಡಿಯಾರ ರಿಪೇರಿ ಮಾಡುವವನು. ಮನೆ ತೋರಿಸುವುದಿರಲಿ, ಬಾಗಿಲು ತೆಗೆದಾಗಿನಿಂದ ಬರೀ ದೂರು. ಮೇಲಿಂದ ನೀರು ಸೋರುತ್ತದಂತೆ, ಇಲಿಗಳು ಕುಣಿಯುತ್ತವಂತೆ, ಪಕ್ಕದ ಮನೆಯವರು ಹೊತ್ತು ಗೊತ್ತಿಲ್ಲದೆ ಕಚ್ಚಾಡುತ್ತಾರಂತೆ.

ನರ್ಸಮ್ಮ ತಲೆಯೆತ್ತಿ ತಾರಸಿ ನೋಡಿದಳು. ಒಣಗಿ ಬೆಳ್ಳಗಿತ್ತು. ಒದ್ದೆ ಶುರುವಾಗಿದ್ದು ಎದೆಯ ಮಟ್ಟದಿಂದ. ಕೆಳಗೆ ಮೂಲೆಯಲ್ಲಿ ಒಂದು ಮಗ್ಗು, ತಳದಲ್ಲಿ ಇನ್ನೂ ನೀರು.

"ಮಳೆ ನಿಮ್ಮ ಮಗ್ಗಿಂದ ಬರುತ್ತಾ ಸ್ವಾಮಿ?"

ಅವನ ಮುಖ ಸುಟ್ಟ ಬದನೆಕಾಯಿಯಾಯಿತು.

"ಥೂ ನಿಮ್ಮ!" ತಮ್ಮ ರೇಗಿದ. "ಅದಕ್ಕೇನಾ ಬಂದೋರೆಲ್ಲ ಓಡಿಹೋಗಿದ್ದು? ಅಕ್ಕ, ಇವರನ್ನ ಮೊದಲು ಖಾಲಿ ಮಾಡಿಸ್ತೀನಿ, ಆಮೇಲೆ ತಗೊಳ್ಳುವಿಯಂತೆ."

"ಮನೆ ಕೊಂಡೋರು ಖಾಲಿ ಮಾಡಿಸ್ತಾರೆ ಅಂತಾನೇ ಹಾಗೆ ಮಾಡಿದೆ ತಾಯಿ," ಎಂದು ಗಡಿಯಾರದವನು ಕಿಟಕಿಯ ಕೆಳಗಿನ ಮೇಜು ತೋರಿಸಿದ. ಅಲ್ಲಿ ಎಳ್ಳುಕಾಳಿನಷ್ಟು ತಿರುಪುಗಳು ಹರಡಿದ್ದವು. "ಕಣ್ಣು ಮೊದಲಿನ ಹಾಗಿಲ್ಲ. ಈ ಬೆಳಕು ಬಿಟ್ರೆ ನನ್ನ ಕಸುಬು ಮುಗೀತು."

ನರ್ಸಮ್ಮನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಇಷ್ಟು ದಿನ ಮಾಲೀಕರನ್ನು, ದಲ್ಲಾಳಿಗಳನ್ನು ಕೇಳಿ ಕೇಳಿ ಅವಳ ತಲೆ ಚಿಟ್ಟು ಹಿಡಿದಿತ್ತು. ಮನೆಯೊಳಗೆ ಮಲಗಿ ಏಳುವವನನ್ನು ಕೇಳಬೇಕೆಂದು ಹೊಳೆದೇ ಇರಲಿಲ್ಲ. ಅವನ ಸ್ಟೂಲನ್ನು ಎಳೆದುಕೊಂಡು ಕುಳಿತಳು.

"ನಾನು ತಗೊಂಡ್ರೆ ನೀವು ಇಲ್ಲೇ ಇರಿ. ನನಗೂ ಬಾಡಿಗೆ ಕೊಡೋರು ಬೇಕಲ್ಲ. ಈಗ ನಿಜ ಬೊಗಳಿ, ಈ ಮನೆಗೆ ಏನು ಕಾಯಿಲೆ?"

ಅವನು ಒಳಕೋಣೆಯ ಕಡೆ ನೋಡಿದ. ನಿಜ ಹೇಳಿದರೆ ಇವಳೂ ಓಡಿಯಾಳು. ಹೇಳದಿದ್ದರೆ ಇವಳ ತಮ್ಮ ಬಿಡುವವನಲ್ಲ.

"ಮಾಲೀಕರಿಗೂ ಗೊತ್ತಿಲ್ಲ," ಎಂದ ಕೊನೆಗೆ. "ಗೊತ್ತಾದ್ರೆ ರಿಪೇರಿ ನೆಪ ಹೇಳಿ ನನ್ನ ಹೊರಗೆ ಹಾಕ್ತಾರೆ. ಒಂದು ಕೈ ಹಿಡೀರಿ."

ಒಳಕೋಣೆಯ ಬೀರುವನ್ನು ಅವನೂ ನರ್ಸಮ್ಮನೂ ಸೇರಿ ಎಳೆದರು. ಅದರ ಹಿಂದೆ ನೆಲದಿಂದ ಆಳೆತ್ತರಕ್ಕೆ ಗೋಡೆ ಸೀಳಿಹೋಗಿತ್ತು.

ತಮ್ಮ ಹಣೆ ಚಚ್ಚಿಕೊಂಡ. "ನಡಿ ಅಕ್ಕ, ಬೇರೆ ಮನೆ ತೋರಿಸ್ತೀನಿ."

"ಬೇರೆ ಮನೇಲಿ ಹೀಗೆ ಬೀರು ಸರಿಸಿ ನಿಜ ತೋರಿಸೋರು ಯಾರೋ?" ಎಂದಳು ನರ್ಸಮ್ಮ. "ಮಾಲೀಕರಿಗೆ ಫೋನ್ ಹಚ್ಚು. ಗೋಡೆ ಖರ್ಚು ಬೆಲೇಲಿ ಕಳೀಬೇಕು, ಇವರು ಇರುವಾಗಲೇ ರಿಪೇರಿ ಆಗ್ಬೇಕು. ಒಪ್ಪಿದ್ರೆ ಸರಿ."

ತಮ್ಮ ಗೊಣಗುತ್ತ ಹೊರಗೆ ಹೋದ. ಅವಳು ನೆಲದ ಮೇಲೆ ಕುಳಿತು ಬಿರುಕಿನೊಳಗೆ ಕಿರುಬೆರಳು ತೂರಿಸಿದಳು.

"ಎಷ್ಟು ಒಳಕ್ಕೆ ಹೋಗಿದೆ ಇದು?"

"ನೋಡೋಕೆ ಧೈರ್ಯ ಬಂದಿಲ್ಲ," ಎಂದ ಗಡಿಯಾರದವನು, ಅವಳ ಪಕ್ಕದಲ್ಲಿ ಮಂಡಿಯೂರುತ್ತ.

ಬೆರಳ ತುದಿಗೆ ಆಚೆ ಬೀದಿಯ ಗಾಳಿ ತಣ್ಣಗೆ ತಾಕಿತು.