ವಾಸನೆಯಿಲ್ಲದ ಕ್ಯಾನು

ಆಸ್ಪತ್ರೆಯ ಫಿನಾಯಿಲ್ ವಾಸನೆ, ಇಷ್ಟು ಒರೆಸಿದರೂ ಅದರಡಿಯಿಂದ ಸುಟ್ಟ ಚರ್ಮದ ವಾಸನೆ ಏಳುತ್ತಲೇ ಇದೆ, ಸೆರಗು ಮೂಗಿಗೆ ಹಿಡಿದರೆ ಪುಷ್ಪಮ್ಮ ನೋಡುತ್ತಾಳೆ, ಹಿಡಿಯಬಾರದು, ಮಲಗಿರುವವನು ಅವಳ ಗಂಡ ತಾನೆ, ಹನ್ನೊಂದು ವರ್ಷದಿಂದ ನಮ್ಮ ಅಕ್ಕಿ ಗಿರಣಿಯ ಬಾಯ್ಲರ್ ನೋಡಿಕೊಂಡ ಜಟ್ಟಿಂಗಪ್ಪ, ಬೆಳಿಗ್ಗೆ ಕೊಳವೆ ಒಡೆದು ಆವಿ ನುಗ್ಗಿದಾಗ ಎದುರಿಗೆ ಇದ್ದವನು ಅವನೊಬ್ಬನೇ — ನನ್ನ ಚೀಲದಲ್ಲಿ ಒಂದು ಕಾಗದ, ಒಂದು ಇಂಕ್ ಪ್ಯಾಡು, ನಾನೇ ಬಟ್ಟೆಯಲ್ಲಿ ಸೋಸಿ ಕಾಯಿಸಿ ತಂದ ನೀರು. ದೊಡ್ಡಾಸ್ಪತ್ರೆಗೆ ಒಯ್ಯೋ ಆಂಬುಲೆನ್ಸ್ ಬರೋದ್ರೊಳಗೆ ಹೆಬ್ಬೆಟ್ಟು ಹಾಕಿಸ್ಕೊಂಡ್ ಬಾ ತ್ರಿಶಲಾ, ನಿನ್ ಮಾತು ಅವ್ನು ತೆಗ್ದುಹಾಕಲ್ಲ, ಎಂದರು ಮಾವ. ಕೆಮಿಕಲ್ ಹಾಕಲು ನಾನೇ ಮರೆತೆ ಎಂದು ಜಟ್ಟಿಂಗಪ್ಪನ ಹೆಸರಲ್ಲಿ ಬರೆಸಿದ್ದಾರೆ, ನಾನು ಹೇಳಿದ್ದನ್ನು ನಂಬಿಯೇ ಬರೆಸಿದ್ದಾರೆ, ಪಾಪ, ನಮ್ ಸೊಸೆ ಕೆಮಿಸ್ಟ್ರಿ ಎಂಎಸ್ಸಿ, ನೀರು ಟೆಸ್ಟ್ ಮಾಡೋದು ಅವಳೇ, ಎಂದು ಸಾಗರದ ಪೇಟೆಯಲ್ಲೆಲ್ಲ ಹೇಳಿಕೊಂಡು ತಿರುಗಿದವರು, ಹಾಗೆ ತಿರುಗದಿದ್ದರೆ ನನಗೆ ಸುಳ್ಳು ಬರೆಯುವ ಅಗತ್ಯವೇ ಇರಲಿಲ್ಲ. ಕೊಳವೆಬಾವಿಯ ನೀರು ಗಡಸು, ಆ ಮೂಗು ಸುಡುವ ಕೆಮಿಕಲ್ ಬೀಳದಿದ್ದರೆ ಬಾಯ್ಲರಿನ ಕೊಳವೆಯೊಳಗೆ ಸುಣ್ಣ ಕಲ್ಲಾಗಿ ಕಟ್ಟುತ್ತದೆ, ಕೊಳವೆ ಕಾದು ಒಡೆಯುತ್ತದೆ, ಸೀಸೆಯಲ್ಲಿ ನೀರು ಹಿಡಿದು ಚಿಟಿಕೆ ಪುಡಿ ಹಾಕಿ ಅಲ್ಲಾಡಿಸಿದರೆ ನೀಲಿಯಾಗಬೇಕು, ಗಡಸು ಉಳಿದಿದ್ದರೆ ಕೆಂಪು, ದೀಪಾವಳಿಯ ಗಡಿಬಿಡಿಯಲ್ಲಿ ಕೆಮಿಕಲ್ ಮುಗಿದದ್ದು ಮರೆತೆ, ನೋಡುವ ಹೊತ್ತಿಗೆ ಸೀಸೆಯಲ್ಲಿ ಮುರುಗಲ ಪಾನಕದ ಕೆಂಪು, ಪುಸ್ತಕದಲ್ಲಿ ಮಾತ್ರ ದಿನವೂ ನೀಲಿ ಎಂದೇ ಬರೆದೆ, ಹೊಸದು ತರಿಸಲು ಮಾವನಿಗೆ ಹೇಳಬೇಕು, ಹಳೆಯದು ಯಾವಾಗ ಮುಗೀತು ಎಂದು ಕೇಳುತ್ತಾರೆ, ನಾಳೆ ಹೇಳೋಣ, ನಾಳೆ — ಖಾಲಿ ಕ್ಯಾನಿಗೆ ನಲ್ಲಿ ನೀರು ತುಂಬಿಸಿಟ್ಟೆ, ಮುಗಿದ ಹಾಗೆಲ್ಲ ಮತ್ತೆ ತುಂಬಿಸಿಟ್ಟೆ. ಜಟ್ಟಿಂಗಪ್ಪ ಅದನ್ನೇ ಬೆಳಿಗ್ಗೆ ಬೆಳಿಗ್ಗೆ ಎರಡು ಮಗ್ ಅಳೆದು, ಒಂದು ಹನಿ ಚೆಲ್ಲದೆ ಹಾಕಿದ, ನಾಲ್ಕು ತಿಂಗಳು, ಅವನ ಶ್ರದ್ಧೆ ಕಂಡು ನನಗೆ ನಗು ಬಂದಿತ್ತು, ಹೌದು, ಬಂದಿತ್ತು.

ಪುಷ್ಪಮ್ಮನನ್ನು ಎಳನೀರು ತರಲು ಕಳಿಸಿದೆ. ಚಮಚದಲ್ಲಿ ನೀರು ಬಿಟ್ಟರೆ ಅರ್ಧ ಕೆನ್ನೆಗೆ ಇಳಿಯುತ್ತದೆ, ಬಲಗೈ ಪೂರ್ತಿ ಬ್ಯಾಂಡೇಜು, ಎಡಗೈ ಉಳಿದಿದೆ, ಒಳ್ಳೆಯದಾಯಿತು, ಹೆಬ್ಬೆಟ್ಟು ಎಡಗೈಯದೇ ಬೇಕು, ಥೂ ನನ್ನ ಬುದ್ಧಿಯೇ — ಅಮ್ಮಾ, ಆ ಕ್ಯಾನಿಗೆ ವಾಸ್ನೆನೇ ಇರ್ಲಿಲ್ಲ, ನಾ ಯಾರಿಗೂ ಹೇಳಿಲ್ಲ, ನೀವು ನೋಡಿರ್ತೀರಲ್ಲ ಅಂತ ಹಾಕ್ದೆ. ಅಷ್ಟೇ ಹೇಳಿ ಜಟ್ಟಿಂಗಪ್ಪ ಕಣ್ಣು ಮುಚ್ಚಿಕೊಂಡ. ಬೈಯಬಾರದಿತ್ತೇ ಇವನು, ಬೈದಿದ್ದರೆ ಕೆಲಸ ಸುಲಭವಿತ್ತು, ಹಾಗಾದರೆ ಗೊತ್ತಿದೆ, ಇವನೊಬ್ಬನಿಗೇ ಗೊತ್ತಿದೆ, ಬದುಕಿ ಬಂದರೆ ಹೇಳಿಯಾನು, ಬದುಕದಿದ್ದರೆ, ಇಲ್ಲ, ಹಾಗೆ ಯೋಚಿಸಲಿಲ್ಲ, ಯೋಚಿಸಿದೆ. ಕೆಳಗೆ ಆಂಬುಲೆನ್ಸಿನ ಸದ್ದು. ಹೆಬ್ಬೆರಳು ಹಿಡಿದು ಪ್ಯಾಡಿಗೆ ಒತ್ತಿದೆ, ಬಿಗಿಹಿಡಿಯಲೂ ಇಲ್ಲ ಅವನು, ಮಗುವಿನ ಹಾಗೆ ಬಿಟ್ಟುಕೊಟ್ಟ, ಕಾಗದದ ಮೇಲೆ ಊರಿದೆ, ನೀಲಿ, ಗೆರೆ ಗೆರೆಯಾಗಿ ಎಷ್ಟು ಚೆನ್ನಾಗಿ ಮೂಡಿದ ನೀಲಿ, ಇನ್ನು ನನ್ನನ್ನು ಯಾರೂ ಕೇಳುವುದಿಲ್ಲ, ಕೈ ತೊಳೆದುಕೊಂಡು ಮಾವನಿಗೆ ಫೋನ್ ಮಾಡಬೇಕು, ನಲ್ಲಿ ತಿರುಗಿಸುತ್ತೇನೆ, ಬೊಗಸೆಯಲ್ಲಿ ನೀರು, ಬೊಗಸೆಯಲ್ಲಿ ಸೀಸೆ, ಚಿಟಿಕೆ ಪುಡಿ, ಅಲ್ಲಾಡಿಸುತ್ತೇನೆ, ಮುರುಗಲ ಪಾನಕದ ಕೆಂಪು, ಇನ್ನೂ ಅಲ್ಲಾಡಿಸುತ್ತೇನೆ, ಕೆಂಪು, ಅಲ್ಲಾಡಿಸುತ್ತೇನೆ, ಕೆಂಪು