ಹಳದಿ ದಾರದ ಗಂಟು

ನಾನು ಶಾಲೆಯಲ್ಲಿ ಮಕ್ಕಳ ಆಪ್ತ ಸಮಾಲೋಚಕಿ. ನನ್ನ ಕೋಣೆಯ ಬಾಗಿಲ ಮೇಲೊಂದು ಬೋರ್ಡಿತ್ತು: 'ಯಾರು ಬೇಕಾದರೂ ಬನ್ನಿ, ಇದ್ದ ಹಾಗೇ ಬನ್ನಿ.' ಚುನಾವಣೆ ಹತ್ತಿರವಾದಾಗ ಆ ಆರು ಪದ ರಾಜಕೀಯವಾಯಿತು. ಕೆಲವು ಪೋಷಕರು, ಇದು ಅಪ್ಪ ಅಮ್ಮನ ಮಾತು ಕೇಳಬೇಡಿ ಎಂದು ಹೇಳಿಕೊಡುವ ಬೋರ್ಡು, ತೆಗೆಯಿರಿ ಎಂದರು. ಇನ್ನು ಕೆಲವರು, ಇಷ್ಟು ಸಾಲದು, ಯಾರ್ಯಾರು ಎಂದು ಬಿಡಿಸಿ ದೊಡ್ಡಕ್ಷರದಲ್ಲಿ ಬರೆಸಿ ಎಂದರು. ನಡುವೆ ಹೆಡ್‌ಮಾಸ್ಟರು ಹಣ್ಣಾದರು. ಶನಿವಾರ ಎರಡೂ ಕಡೆಯವರನ್ನು ಕೂರಿಸೋಣ, ಬಗೆಹರಿಯದಿದ್ದರೆ ಕೋಣೆಗೇ ಬೀಗ ಎಂದರು. ನಾನು ಹೂಂ ಎಂದೆ. ಎರಡು ವರ್ಷದ ಹಿಂದೆ ಗಂಡ ತೀರಿಹೋದ ಮೇಲೆ ನನಗೆ ಯಾವುದಕ್ಕೂ ಗಾಬರಿಯಾಗುವುದಿಲ್ಲ. ಶಾಲೆಯಲ್ಲಿ ಅದನ್ನು ಧೈರ್ಯ ಎಂದುಕೊಂಡಿದ್ದಾರೆ.

ಒಬ್ಬಳ ಚಿಂತೆ ಮಾತ್ರ ಇತ್ತು. ಬೋರ್ಡು ತೆಗೆಯಿರಿ ಎನ್ನುವವರ ಮುಂದಾಳು ಪಾರ್ಸೆಲ್ ಆಫೀಸಿನವರು. ಅವರ ಮಗಳು ಎಂಟನೇ ಕ್ಲಾಸು. ಅವಳ ಗೆಳತಿ ಬೇರೆ ಜನದವಳು. ಇಬ್ಬರೂ ಒಟ್ಟಿಗೆ ಕೂತು ಊಟ ಮಾಡಲು ನನ್ನ ಕೋಣೆ ಬಿಟ್ಟರೆ ಬೇರೆ ಜಾಗವಿರಲಿಲ್ಲ. "ಅಪ್ಪಂಗೆ ಗೊತ್ತಾಗಬಾರದು ಮಿಸ್" ಎಂದಿದ್ದಳು. ಮಾತು ಕೊಟ್ಟಿದ್ದೆ.

ನನ್ನ ಮೇಜಿನ ಪಕ್ಕ ಸಿಕ್ಕಾದ ಉಣ್ಣೆ ದಾರದ ಬುಟ್ಟಿ ಇರುತ್ತದೆ. ಬಂದವರು ಅದನ್ನು ಬಿಡಿಸುತ್ತಾ ಕೂರುತ್ತಾರೆ. ಕೈಗೆ ಕೆಲಸ ಸಿಕ್ಕರೆ ಬಾಯಿ ತಾನೇ ತೆರೆಯುತ್ತದೆ. ಪಾರ್ಸೆಲ್ ಆಫೀಸಿನವರ ಮಗಳು ಮಾತ್ರ ಬಿಡಿಸುತ್ತಿರಲಿಲ್ಲ, ಹಳದಿ ದಾರಕ್ಕೆ ಗಂಟಿನ ಮೇಲೆ ಗಂಟು ಹಾಕುತ್ತಿದ್ದಳು, ಎಳೆದಷ್ಟೂ ಬಿಗಿಯಾಗುವಂಥವು.

ಶನಿವಾರ ಹೋಗಿ ನೋಡಿದರೆ ಬುಟ್ಟಿಯ ತುಂಬ ಅಚ್ಚುಕಟ್ಟಾದ ಉಂಡೆಗಳು. ದೊಡ್ಡವರು ಬರುತ್ತಾರೆಂದು ಆಯಮ್ಮ ಹಿಂದಿನ ದಿನವೆಲ್ಲ ಕೂತು ಬಿಡಿಸಿದ್ದರು.

"ಮರ್ಯಾದೆ ಪ್ರಶ್ನೆ ಅಲ್ವೇನಮ್ಮ. ಹಳದೀದೊಂದು ಏನು ಮಾಡಿದ್ರೂ ಬಿಡಲಿಲ್ಲ, ಹಟಮಾರಿ."

ಬರುವ ದೊಡ್ಡವರ ಕೈಗೂ ಕೆಲಸ ಬೇಕಲ್ಲ, ಇಬ್ಬರೂ ಕೂತು ಎಲ್ಲವನ್ನೂ ಮತ್ತೆ ಸಿಕ್ಕು ಮಾಡಿದೆವು. ಓದಿದವರ ಕೆಲಸವೇ ಇಷ್ಟು ಎಂದು ಆಯಮ್ಮ ಗೊಣಗಿದರು. ಎಷ್ಟೋ ತಿಂಗಳ ಮೇಲೆ ನಕ್ಕೆ. ಹಳದಿಯದನ್ನು ಡ್ರಾಯರಿನಲ್ಲಿಟ್ಟು ಹೆಡ್‌ಮಾಸ್ಟರನ್ನು ಕರೆಯಲು ಹೋದೆ.

ಬಂದವರು ಮಕ್ಕಳ ಗಿಡ್ಡ ಕುರ್ಚಿಗಳಲ್ಲಿ ಮೊಣಕಾಲು ಎದೆಗೆ ತಾಗಿಸಿ ಕೂತರು. ಆಯಮ್ಮ ದಾರ ಹಂಚುತ್ತಾ, ಒಂದು ಕಡಿಮೆ ಬಿತ್ತೆಂದು ಡ್ರಾಯರು ಎಳೆದುಬಿಟ್ಟಿದ್ದರು. ನಾನು ನೋಡುವಷ್ಟರಲ್ಲಿ ಹಳದಿ ದಾರ ಪಾರ್ಸೆಲ್ ಆಫೀಸಿನವರ ಕೈಯಲ್ಲಿತ್ತು.

ಮಾತು ಜೋರಾಗೇ ನಡೆಯಿತು. ಇವತ್ತು ಬೋರ್ಡು ತೆಗೆಸುತ್ತೀರಿ, ನಾಳೆ ಮಕ್ಕಳನ್ನೇ ಹೊರಗೆ ಹಾಕಿಸುತ್ತೀರಿ ಎಂದು ಇನ್ನೊಂದು ಕಡೆಯ ಲೆಕ್ಚರರಮ್ಮ ಹರಿಹಾಯ್ದರು. ಹೆಡ್‌ಮಾಸ್ಟರು ನೀಲಿ ದಾರಕ್ಕೆ ಬೆರಳು ಸಿಕ್ಕಿಸಿಕೊಂಡು ಕೂತಿದ್ದರು. ಎಲ್ಲರಿಗಿಂತ ದೊಡ್ಡದಾಗಿದ್ದ ಪಾರ್ಸೆಲ್ ಆಫೀಸಿನವರ ದನಿ ಮೆಲ್ಲಗೆ ತಗ್ಗಿ, ನಿಂತೇಹೋಯಿತು. ಗಂಟನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

"ಇದು ನಾವು ಡಬ್ಬ ಕಟ್ಟೋ ಗಂಟು. ಯಾರು ಹಾಕಿದ್ದು ಮಿಸ್?"

"ಇಲ್ಲಿಗೆ ಯಾರು ಬಂದ್ರು, ಏನು ಮಾಡಿದ್ರು ಅಂತ ನಾನು ಹೇಳಲ್ಲ ಸರ್. ನಾಳೆ ಯಾರಾದ್ರೂ ನಿಮ್ಮ ವಿಷಯ ಕೇಳಿದ್ರೂ ಹೇಳಲ್ಲ."

ಅವರು ನನ್ನ ಮುಖದಲ್ಲಿ ಉತ್ತರ ಹುಡುಕಿದರು. ಅದರಲ್ಲಿ ಏನೂ ಕಾಣುವುದಿಲ್ಲ. ಆವತ್ತು ಅದು ಉಪಯೋಗಕ್ಕೆ ಬಂತು.

"ನಗ್ತಾರಾ ಮಕ್ಕಳು, ಇಲ್ಲಿ?"

"ಒಂದೊಂದು ದಿನ ಪಕ್ಕದ ಕ್ಲಾಸಿನ ಟೀಚರು ಬಂದು ಬೈತಾರೆ, ಅಷ್ಟು."

ತಲೆ ತಗ್ಗಿಸಿ ದಾರದ ತುದಿಯಲ್ಲಿ ಬೆರಳಾಡಿಸಿ, ಅದನ್ನು ಬುಟ್ಟಿಗೆ ಹಾಕುತ್ತಾ, "ಬೋರ್ಡು ತೆಗೀರಿ. ಬೀಗ ಬೇಡ" ಎಂದರು.

ಲೆಕ್ಚರರಮ್ಮ ಮುಖ ಊದಿಸಿಕೊಂಡರು, ಆದರೆ ಬೀಗ ಬೇಡ ಎನ್ನುವುದಕ್ಕೆ ಎದುರಾಡಲಾಗಲಿಲ್ಲ. ನಾನೇ ಬೋರ್ಡು ಇಳಿಸಿದೆ. ಗಾಳಿಗೆ ಬಾಗಿಲು ಮುಚ್ಚಿಕೊಳ್ಳದಂತೆ ಅದನ್ನೇ ಕೆಳಗೆ ಒತ್ತು ಕೊಟ್ಟೆ.

ಸೋಮವಾರ ಹುಡುಗಿಯರಿಬ್ಬರೂ ಡಬ್ಬಿ ಹಿಡಿದು ಬಂದರು. ನಡೆದದ್ದನ್ನು ಅವಳಿಗೆ ಹೇಳಲೇಬೇಕಿತ್ತು, ಮಾತು ಹುಡುಕುತ್ತಿದ್ದೆ. ಅಷ್ಟರಲ್ಲಿ ಅವಳು ಹಳದಿ ದಾರ ಕೈಗೆತ್ತಿಕೊಂಡಳು. ನನ್ನ ಎದೆ ಹೊಡೆದುಕೊಳ್ಳತೊಡಗಿತು. ಅದು ಹಾಗೆ ಹೊಡೆದುಕೊಂಡು ಎರಡು ವರ್ಷವಾಗಿತ್ತು.

"ಕೊನೇ ಗಂಟು ನಾನು ಹಾಕಿದ್ದಲ್ಲ ಮಿಸ್," ಎಂದಳು. "ಇದರ ತುದಿ ಒಳಗೆ ತೂರಿಸಿದ್ದಾರೆ. ಅಪ್ಪ ಹಂಗೆ ಕಟ್ಟೋದು."

ಅದನ್ನು ಬಿಚ್ಚಲಿಲ್ಲ. ಮಡಿಲಲ್ಲಿ ಇಟ್ಟುಕೊಂಡು, ಡಬ್ಬಿ ತೆರೆದು, ಗೆಳತಿಯ ಕಡೆಗೆ ತಳ್ಳಿದಳು.