ನವಾಬನ ಹೊಟ್ಟೆಯ ನೂಲು

ಮೂವತ್ತೊಂದು ವರ್ಷದಿಂದ ನಾನು ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುತ್ತಿದ್ದೇನೆ. ಬಿಸಿನೀರಲ್ಲಿ ಬೆಂದ ಗೂಡಿನ ತುದಿ ಹುಡುಕಿ, ಬೆರಳಿಗೆ ಸಿಕ್ಕಿದ ಕೂಡಲೇ ಎಳೆದು ಚಕ್ರಕ್ಕೆ ಕೊಡುವುದು ನನ್ನ ಕೆಲಸ. ನಿದ್ದೆಗಣ್ಣಲ್ಲೂ ಮಾಡಬಲ್ಲೆ. ಆ ಸೋಮವಾರ ಬೆಳಿಗ್ಗೆ ನಮ್ಮ ಬೆಕ್ಕಿನ ಬಾಲದ ಕೆಳಗೆ ಎರಡು ಬೆರಳುದ್ದದ ನೂಲು ನೇತಾಡುವುದು ಕಂಡಾಗಲೂ ನನ್ನ ಕೈ ಅದನ್ನೇ ಮಾಡಿತು.

ಬೆಕ್ಕಿನ ಹೆಸರು ನವಾಬ. ಗೂಡಿನ ಚೀಲ ಕಡಿಯುವ ಇಲಿಗಳನ್ನು ಹಿಡಿಯಲೆಂದು ತಂದ ಮರಿ. ಆರು ವರ್ಷದಲ್ಲಿ ಅವನು ಹಿಡಿದ ಇಲಿ ಎರಡೋ ಮೂರೋ. ನೂಲು ಬಿಚ್ಚಿದ ಮೇಲೆ ಗೂಡಿನೊಳಗೆ ಉಳಿಯುವ ಬೆಂದ ಹುಳ ಸಿಗುವಾಗ ಇಲಿ ಯಾರಿಗೆ ಬೇಕು? ಆ ಹುಳಕ್ಕೆ ಒಂದಿಷ್ಟು ನೂಲು ಅಂಟಿಕೊಂಡೇ ಇರುತ್ತದೆ. ನಮ್ಮ ಬೀದಿಯ ಬೆಕ್ಕುಗಳೆಲ್ಲ ಅದನ್ನೇ ತಿಂದು ಬೆಳೆದಿವೆ, ಯಾರೂ ತಲೆ ಕೆಡಿಸಿಕೊಂಡವರಲ್ಲ.

ಶನಿವಾರದಿಂದ ನವಾಬ ವಾಂತಿ ಮಾಡುತ್ತಿದ್ದ. ಮೊದಲು ತಿಂದದ್ದು ಬಂತು, ಆಮೇಲೆ ಬರೀ ಹಳದಿ ನೀರು. ಮಜ್ಜಿಗೆ ಕುಡಿಸಿದೆ, ಓಮದ ನೀರು ಕುಡಿಸಿದೆ. ಎರಡೂ ವಾಪಸ್ಸು. ನನ್ನ ಗಂಡ ಸಮದ್ ಮಾತ್ರ ಹತ್ತಿರ ಸುಳಿಯದೆ ದೂರದಿಂದಲೇ ಹೇಳಿದರು: "ಹುಳ ಜಾಸ್ತಿ ತಿಂದವ್ನೆ. ಒಂದಿನ ಉಪ್ವಾಸ ಬುಟ್ರೆ ಸರೋಯ್ತನೆ."

ಒಂದು ದಿನ ಎರಡಾಯಿತು. ನವಾಬ ಮಂಚದ ಕೆಳಗೆ ಬೆನ್ನು ಗೂನು ಮಾಡಿಕೊಂಡು ಕುಳಿತವನು ನನ್ನ ದನಿಗೂ ತಿರುಗಲಿಲ್ಲ. ಆಗಲೇ ನನಗೆ ಹೆದರಿಕೆ ಶುರುವಾಗಿತ್ತು.

ಸೋಮವಾರ ನೂಲು ಕಂಡಿತು. ಮೆಲ್ಲಗೆ ಎಳೆದೆ, ಬಂತು. ಇನ್ನಷ್ಟು ಎಳೆದೆ, ತಡೆಯಿತು. ಗೂಡು ಸಿಕ್ಕಿಕೊಂಡಾಗ ನಾವು ಒಂದು ಸಣ್ಣ ಜಗ್ಗು ಕೊಡುತ್ತೇವೆ. ಕೊಟ್ಟೆ. ನವಾಬ ಎಂದೂ ಕೂಗದ ದನಿಯಲ್ಲಿ ಕೂಗಿದ. ನೂಲು ಕಡಿದು ನನ್ನ ಕೈಗೆ ಬಂತು, ತುದಿಯಲ್ಲಿ ರಕ್ತವಿತ್ತು.

ಆ ನೂಲನ್ನು ಒಲೆಗೆ ಹಾಕಿದೆ. ಸಮದ್‌ಗೆ ಹೇಳಲಿಲ್ಲ. ತರಕಾರಿ ಬುಟ್ಟಿಯಲ್ಲಿ ನವಾಬನನ್ನು ಮಲಗಿಸಿ, ಮೇಲೆ ನನ್ನ ಓಢಣಿ ಮುಚ್ಚಿ, "ಆಸ್ಪತ್ರೆಗೆ ನಡೀರಿ" ಎಂದಷ್ಟೇ ಹೇಳಿದೆ. ಆಟೊ ಹಳ್ಳ ಹಾರಿದಾಗಲೆಲ್ಲ ಬುಟ್ಟಿಯೊಳಗೆ ಕೈಯಿಟ್ಟು ಉಸಿರು ನೋಡಿದೆ.

ಪ್ರಾಣಿಗಳ ಡಾಕ್ಟರ್ ಅನುಷಾ ಚಿಕ್ಕ ವಯಸ್ಸಿನವರು. ಹೊಟ್ಟೆ ಒತ್ತಿ ನೋಡಿದರು, ಸ್ಕ್ಯಾನ್ ಮಾಡಿದರು. "ಕರುಳಲ್ಲಿ ದಾರ ಸಿಕ್ಕಿಕೊಂಡಿದೆ ಅಮ್ಮ. ಹಿಂದೆಯಿಂದ ಏನಾದ್ರೂ ಹೊರಗೆ ಬಂದಿತ್ತಾ? ನೀವು ಎಳೆದ್ರಾ?"

"ಇಲ್ಲ" ಎಂದೆ.

ಯಾಕೆ ಹಾಗೆಂದೆನೋ. ಸಮದ್ ಪಕ್ಕದಲ್ಲೇ ನಿಂತಿದ್ದರು. ಇಡೀ ಬೀದಿಗೆ ನೂಲು ಹಿಡಿಯುವುದನ್ನು ಕಲಿಸಿದ ರೋಶನ್ ಬೀ ತನ್ನ ಬೆಕ್ಕಿನ ಕರುಳನ್ನೇ ಜಗ್ಗಿದಳು ಎಂದು ಹೇಗೆ ಹೇಳಲಿ?

"ಹಾಗಾದ್ರೆ ಡ್ರಿಪ್ ಹಾಕಿ ನಾಳೆವರೆಗೆ ನೋಡಬಹುದು," ಎಂದರು ಡಾಕ್ಟರ್. "ಎಳೆದಿದ್ರೆ ಕಾಯೋ ಹಾಗಿರಲಿಲ್ಲ. ದಾರ ಕರುಳನ್ನ ಕುಯ್ದುಬಿಡುತ್ತೆ. ಈಗಲೇ ಆಪರೇಷನ್ ಮಾಡಬೇಕಾಗ್ತಿತ್ತು."

ಡ್ರಿಪ್‌ನ ಸೂಜಿ ಚುಚ್ಚಿದಾಗ ನವಾಬ ಮಿಸುಕಲೂ ಇಲ್ಲ. ನಾನು ಬಾಗಿಲವರೆಗೆ ಹೋದೆ. ಹೊಸ್ತಿಲು ದಾಟಲು ಆಗಲಿಲ್ಲ. ನಾಳೆಯ ಹೊತ್ತಿಗೆ ಇವನು ಸತ್ತರೆ ಕೊಂದವಳು ನಾನೇ, ಅದೂ ಎರಡು ಸಲ.

"ಎಳ್ದೆ ಡಾಕ್ಟ್ರೇ," ಎಂದೆ ತಿರುಗಿ ನಿಂತು. "ಜಗ್ಗಿದೆ. ರಕ್ತ ಬಂತು."

ಅವರು ಬೈಯಲಿಲ್ಲ. "ಹೇಳಿದ್ದು ಒಳ್ಳೇದಾಯ್ತು" ಎಂದು ನವಾಬನನ್ನು ಎತ್ತಿಕೊಂಡು ಒಳಗೆ ಹೋದರು.

ಹೊರಗಿನ ಬೆಂಚಿನ ಮೇಲೆ ಕುಳಿತು ಸಮದ್‌ರ ಬೈಗುಳಕ್ಕೆ ಕಾದೆ. ಬೈದರೆ ಹಗುರಾಗುತ್ತಿತ್ತು. ಅವರು ಚಪ್ಪಲಿ ನೋಡುತ್ತ ಕುಳಿತಿದ್ದರು. ತಲೆಯೆತ್ತದೆಯೇ, "ಶನಿವಾರ ನಾನೂ ಎಳ್ದೆ" ಎಂದರು.

"ಏನ್ರೀ?"

"ಬಾಯಿಂದ ನೇತಾಡ್ತಿತ್ತು. ಒಸಿ ಬಂತು, ಆಮೇಲೆ ಕಡ್ದೋಯ್ತು. ಇನ್ನೊಂದ್ ತುದಿ ಒಳ್ಗೇ ಉಳ್ಕೊಂಡ್ಬುಡ್ತು. ನಿಂಗೆ ಹೇಳ್ದ್ರೆ ನೀನು ಸುಮ್ನೆ ಬುಡ್ತಿದ್ಯಾ?"

ಎರಡು ದಿನ ಉಪವಾಸದ ಪಾಠ ಹೇಳಿದ ಗಂಡಸು! ಮೈಯೆಲ್ಲ ಉರಿಯಿತು. ಆದರೆ ಸಿಟ್ಟಿಗೆ ಆಗ ಸಮಯವಿರಲಿಲ್ಲ. "ನಂಗ್ ಹೇಳಿ ಏನ್ ಬಂತು? ಎದ್ದೇಳಿ, ಒಳ್ಗೆ ಹೇಳಿ" ಎಂದು ಅವರನ್ನು ರಟ್ಟೆ ಹಿಡಿದು ಎಬ್ಬಿಸಿದೆ. ಗೂಡಿನ ಮಾರುಕಟ್ಟೆಯಲ್ಲಿ ಯಾರಿಗೂ ತಲೆ ಬಗ್ಗಿಸದ ಮನುಷ್ಯ ಮುಚ್ಚಿದ ಬಾಗಿಲು ತಟ್ಟಿ, ಮಾಡಿದ್ದನ್ನು ಒಂದೇ ಉಸಿರಿಗೆ ಹೇಳಿದರು.

ಡಾಕ್ಟರ್ ಹೊರಗೆ ಬಂದಾಗ ಮಧ್ಯಾಹ್ನದ ನಮಾಜಿನ ಹೊತ್ತು ಕಳೆದಿತ್ತು. ನೂಲಿನ ಒಂದು ತುದಿ ನಾಲಿಗೆಯ ಬುಡಕ್ಕೆ ಸುತ್ತಿಕೊಂಡಿತ್ತಂತೆ. ಅಲ್ಲಿಂದ ಕೆಳಗೆ ಕರುಳೆಲ್ಲ ಲಾಡಿ ಎಳೆದ ಪೈಜಾಮದ ಹಾಗೆ ನೆರಿಗೆಗಟ್ಟಿತ್ತು, ಎರಡು ಕಡೆ ಕುಯ್ದುಹೋಗಿತ್ತು.

"ಬಾಯಿಯ ವಿಷಯ ಗೊತ್ತಾಗಿದ್ದಕ್ಕೆ ಮೊದಲು ಅಲ್ಲಿ ಕತ್ತರಿಸಿದೆ. ಇಲ್ಲದಿದ್ರೆ ಕೆಳಗಿನಿಂದ ಬಿಡಿಸೋಕೆ ಹೋಗಿ ಇನ್ನಷ್ಟು ಕುಯ್ತಿತ್ತು," ಎಂದರು. "ಐದು ದಿನ ಏನೂ ಹೇಳೋಕಾಗಲ್ಲ. ಕರುಳಿನ ಕೊನೇಲಿ ದಾರದ ಒಂದು ತುಂಡು ಉಳಿದಿದೆ, ತಾನಾಗೇ ಬರುತ್ತೆ. ಕಂಡರೆ ಮುಟ್ಟಬೇಡಿ. ಇಬ್ಬರೂ."

ಎರಡು ದಿನ ಅಲ್ಲೇ ಇಟ್ಟುಕೊಂಡು ಕಳಿಸಿದರು. ಮನೆಯಲ್ಲಿ ಉಪ್ಪಿಲ್ಲದ ಕೋಳಿ ಸಾರನ್ನು ಚಮಚದಲ್ಲಿ ಹನಿಸುತ್ತಿದ್ದೆ. ಅವನು ನುಂಗಿದಾಗಲೆಲ್ಲ, ಒಳಗೆ ಹೊಲಿಗೆ ಬಿಚ್ಚಿಕೊಂಡರೆ ಎಂದು ಹೊಟ್ಟೆಯ ಪಟ್ಟಿ ಮುಟ್ಟಿ ನೋಡುತ್ತಿದ್ದೆ. ನಾನು ಎದ್ದಾಗ ಸಮದ್ ಕೂರುತ್ತಿದ್ದರು.

ಐದನೇ ದಿನ ಮಧ್ಯಾಹ್ನ ನವಾಬ ಹೊಟ್ಟೆಯ ಪಟ್ಟಿ ಸಮೇತ ತೂರಾಡುತ್ತ ಮರಳಿನ ಟಬ್ಬಿಗೆ ಹೋಗಿ ಕುಳಿತ. ಅವನು ಎದ್ದು ತಿರುಗಿದಾಗ ಬಾಲದ ಕೆಳಗೆ ನೂಲು ಕಂಡಿತು. ಒಂದು ಬೆರಳುದ್ದ.

ನನ್ನ ಕೈ ಮುಂದೆ ಹೋಗಿದ್ದು ನನಗೇ ಗೊತ್ತಾಗಲಿಲ್ಲ. ಸಮದ್ ನನ್ನ ಮಣಿಕಟ್ಟು ಹಿಡಿದರು. ನೋಡಿದರೆ, ಅವರ ಇನ್ನೊಂದು ಕೈ ನನಗಿಂತ ಮುಂದೆ ಹೋಗಿತ್ತು. ನಾನು ಅದನ್ನು ಹಿಡಿದೆ.

ನವಾಬ ನಮ್ಮನ್ನೊಮ್ಮೆ ನೋಡಿ ಮತ್ತೆ ಕುಳಿತ. ತಿಣುಕಿದ. ಇಬ್ಬರೂ ಹಾಗೇ ಕೈ ಹಿಡಿದು ನಿಂತೆವು. ಅವನು ಎದ್ದು ಹೋದ ಮೇಲೆ ನೂಲು ಮರಳಿನ ಮೇಲೆ ಬಿದ್ದಿತ್ತು. ರಕ್ತವಿರಲಿಲ್ಲ. ಸಮದ್ ಬಗ್ಗಿ ಎರಡು ಸಲ ನೋಡಿದರು, ಆದರೂ ನನ್ನ ಕೈ ಬಿಡಲಿಲ್ಲ.